ಇಂಗ್ಲಿಷಿನ ಪೂರ್ಣ ಮತ್ತು ನಿರಂತರ ಕ್ರಿಯಾರೂಪಗಳು: ಕನ್ನಡದ ‘ಇರು’ ಧಾತುವಿನ ಹಿನ್ನೆಲೆಯಲ್ಲಿ

ಬೆಂಗಳೂರಿನ ‘ನಮ್ಮ ಮೆಟ್ರೋ’ ಹಸಿರು ಮಾರ್ಗವು 2017ರ ಜೂನ್ ತಿಂಗಳಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ಹಾದು ಯಲಚೇನಹಳ್ಳಿಯವರೆಗೆ ವಿಸ್ತರಿಸಿತು. ‘ಜಯನಗರಕ್ಕೆ 2017ರಿಂದ ಮೆಟ್ರೋ ಓಡುತ್ತಿದೆ’ ಎಂಬುದು ಕನ್ನಡದಲ್ಲಿ ನಿರ್ದುಷ್ಟವಾದ ವಾಕ್ಯ. ಇದನ್ನೇ ಇಂಗ್ಲಿಷಿಗೆ ತರುವ ವಿದ್ಯಾರ್ಥಿಯು ‘ಈಸ್ ರನ್ನಿಂಗ್ ಸಿನ್ಸ್ 2017’ ಎಂದು ಬರೆಯುವುದು ಸಾಮಾನ್ಯ. ವ್ಯಾಕರಣವು ಬಯಸುವುದು ‘ಹ್ಯಾಸ್ ಬೀನ್ ರನ್ನಿಂಗ್’ ಎಂಬ ರೂಪವನ್ನು. ಈ ತಪ್ಪು ಕೇವಲ ಅಜ್ಞಾನದ ಫಲವಲ್ಲ. ಅದರ ಬೇರು ಕನ್ನಡದ ವ್ಯವಸ್ಥೆಯಲ್ಲಿಯೇ ಇದೆ.

ಕನ್ನಡದಲ್ಲಿ ‘ಬರೆಯುತ್ತ’ ಎಂಬುದಕ್ಕೆ ‘ಇದ್ದಾನೆ’ ಸೇರಿದರೆ ನಿರಂತರರೂಪ, ‘ಬರೆದು’ ಎಂಬುದಕ್ಕೆ ಅದೇ ‘ಇದ್ದಾನೆ’ ಸೇರಿದರೆ ಪೂರ್ಣರೂಪ. ಎರಡರಲ್ಲಿಯೂ ಸಹಾಯಕ ಧಾತು ‘ಇರು’ ಒಂದೇ. ಇಂಗ್ಲಿಷ್ ಈ ಕೆಲಸವನ್ನು ‘ಬಿ’ ಮತ್ತು ‘ಹ್ಯಾವ್’ ಎಂಬ ಎರಡು ಕ್ರಿಯಾಪದಗಳಿಗೆ ಹಂಚಿಕೊಟ್ಟಿದೆ. ಒಡೆತನವನ್ನು ಸಹ ‘ನನಗೆ ಇದೆ’, ‘ನನ್ನಲ್ಲಿ ಇದೆ’ ಎಂದೇ ಹೇಳುವ ಕನ್ನಡಿಗನಿಗೆ ‘ಹ್ಯಾವ್’ ಎಂಬುದು ಮೊದಲಿನಿಂದಲೂ ಪರಕೀಯ.

ಮೇಲಿನ ವಾಕ್ಯದಲ್ಲಿ ಹಿಂದಿನಿಂದ ಇಂದಿನವರೆಗೆ ಎಂಬ ಅರ್ಥವನ್ನು ಹೊತ್ತಿರುವುದು ‘ಇಂದ’ ಪ್ರತ್ಯಯ. ಆದುದರಿಂದ ಕ್ರಿಯಾಪದವು ವರ್ತಮಾನದಲ್ಲಿಯೇ ನಿಲ್ಲಬಲ್ಲುದು. ಜರ್ಮನ್ ಮತ್ತು ಫ್ರೆಂಚ್ ಭಾಷೆಗಳೂ ಇಂತಹ ಕಡೆ ವರ್ತಮಾನವನ್ನೇ ಬಳಸುತ್ತವೆ; ಈ ವಿಷಯದಲ್ಲಿ ಇಂಗ್ಲಿಷೇ ತುಸು ವಿಲಕ್ಷಣ! ಅಲ್ಲದೆ ‘2017ರಿಂದ’, ‘ಹತ್ತು ವರ್ಷಗಳಿಂದ’ ಎಂಬೆರಡಕ್ಕೂ ಕನ್ನಡದಲ್ಲಿ ಪ್ರತ್ಯಯ ಒಂದೇ. ಆರಂಭಬಿಂದುವಿಗೆ ‘ಸಿನ್ಸ್’, ಅವಧಿಗೆ ‘ಫಾರ್’ ಎಂಬ ವಿಭಾಗವನ್ನು ಇಂಗ್ಲಿಷ್ ಕಲಿಯುವವನು ಹೊಸದಾಗಿ ಕಲ್ಪಿಸಿಕೊಳ್ಳಬೇಕು. ಪೂರ್ಣ-ನಿರಂತರ ರೂಪಕ್ಕೆ ಸಮೀಪವಾದದ್ದು ಕನ್ನಡದಲ್ಲಿ ಇಲ್ಲದಿಲ್ಲ. ‘ಹತ್ತು ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದಾರೆ’ ಎನ್ನುವಾಗ ‘ಹೇಳುತ್ತ’ ಎಂಬುದು ನಿರಂತರತೆಯನ್ನೂ ‘ಬಂದಿದ್ದಾರೆ’ ಎಂಬುದು ಪೂರ್ಣತೆಯನ್ನೂ ಸೂಚಿಸುತ್ತವೆ. ತರಗತಿಯಲ್ಲಿ ‘ಹ್ಯಾವ್ ಬೀನ್ ಟೀಚಿಂಗ್’ ಎಂಬುದನ್ನು ಇದರ ಮೂಲಕ ಪರಿಚಯಿಸುವುದು ಹೆಚ್ಚು ಸುಗಮ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ದೇಹದ ಭಂಗಿಯನ್ನು ಹೇಳುವ ಕ್ರಿಯಾಪದಗಳಲ್ಲಿದೆ. ಬನಶಂಕರಿಯ ಬಸ್ ನಿಲ್ದಾಣದಲ್ಲಿ ಒಬ್ಬನು ‘ನಿಂತಿದ್ದಾನೆ’, ಇನ್ನೊಬ್ಬನು ‘ಕುಳಿತಿದ್ದಾನೆ’. ರೂಪದಲ್ಲಿ ಇವು ಪೂರ್ಣ. ಆದರೆ ಇಂಗ್ಲಿಷಿನಲ್ಲಿ ‘ಈಸ್ ಸ್ಟ್ಯಾಂಡಿಂಗ್’, ‘ಈಸ್ ಸಿಟ್ಟಿಂಗ್’ ಎಂಬ ನಿರಂತರರೂಪಗಳಾಗುತ್ತವೆ. ‘ಬಸ್ಸು ನಿಲ್ಲುತ್ತಿದೆ’ ಎಂದರೆ ಅದು ನಿಲ್ಲುವ ಹಂತದಲ್ಲಿದೆ ಎಂದರ್ಥ. ಕ್ರಿಯೆ ಮುಗಿದು ಅದರ ಫಲವಾದ ಸ್ಥಿತಿ ಉಳಿದಿದೆ ಎಂಬುದನ್ನು ಕನ್ನಡ ಗುರುತಿಸುತ್ತದೆ. ಇಂಗ್ಲಿಷ್ ಆ ಸ್ಥಿತಿಯನ್ನೇ ನಡೆಯುತ್ತಿರುವ ಕ್ರಿಯೆಯೆಂದು ಭಾವಿಸುತ್ತದೆ. ರೂಪಕ್ಕೆ ರೂಪವನ್ನು ಹೊಂದಿಸುವ ಕೋಷ್ಟಕಗಳು ಸೋಲುವುದು ಇಲ್ಲಿಯೇ.

ಡಿ.ಎನ್. ಶಂಕರ ಭಟ್ಟರು 1999ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಕಾಲ, ಕ್ರಿಯಾಸ್ಥಿತಿ, ಅರ್ಥ ಎಂಬ ಮೂರನ್ನು ಬೇರ್ಪಡಿಸಿ, ಭಾಷೆಗಳು ಇವುಗಳಲ್ಲಿ ಒಂದಕ್ಕೆ ಹೆಚ್ಚಿನ ಪ್ರಾಧಾನ್ಯ ನೀಡುತ್ತವೆಂದು ವಾದಿಸಿದ್ದಾರೆ. ಹನ್ನೆರಡು ಕಾಲಗಳೆಂದು ಬಾಯಿಪಾಠ ಮಾಡಿಸುವ ಕ್ರಮದಲ್ಲಿ ಈ ವಿವೇಚನೆಗೆ ಅವಕಾಶವಿಲ್ಲ. ವಾಸ್ತವದಲ್ಲಿ ಅಲ್ಲಿರುವುದು ಮೂರು ಕಾಲಗಳು ಮತ್ತು ಪ್ರತಿಯೊಂದರಲ್ಲಿ ಕ್ರಿಯೆಯನ್ನು ನೋಡುವ ನಾಲ್ಕು ಬಗೆಗಳು.

ಕಾಲವಾಚಕ ಪದಗಳ ವಿಷಯದಲ್ಲಿಯೂ ಭೇದವುಂಟು. ‘ನಿನ್ನೆಯೇ ಅರ್ಜಿ ಕೊಟ್ಟಿದ್ದೇನೆ’ ಎಂಬ ವಾಕ್ಯ ಕನ್ನಡಕ್ಕೆ ಸಹಜ. ಇಂಗ್ಲಿಷಿನ ‘ಹ್ಯಾವ್ ಗಿವನ್’ ಎಂಬುದು ‘ಯೆಸ್ಟರ್ಡೇ’ ಎಂಬುದನ್ನು ಸಹಿಸದು. ಮುಗಿದ ದಿನವನ್ನು ಹೆಸರಿಸಿದೊಡನೆ ಅಲ್ಲಿ ‘ಗೇವ್’ ಎಂಬ ಸರಳ ಭೂತಕಾಲವೇ ಬರಬೇಕು. ‘ಟುಡೇ’ ಎಂದಾಗ ಮಾತ್ರ, ದಿನವು ಇನ್ನೂ ಮುಗಿದಿಲ್ಲವಾದ್ದರಿಂದ, ಎರಡು ರೂಪಗಳೂ ಸಲ್ಲುತ್ತವೆ.