ಹನ್ನೆರಡು ಸೆಕೆಂಡಿನ ನಗರ

ಅಕ್ಕನ ಮಗಳು ಫ್ಲಾರಿಡಾದಿಂದ ಕಳಿಸಿದ ವಿಡಿಯೊದಲ್ಲಿ ಇದ್ದದ್ದು ಇಷ್ಟೇ: ಕತ್ತಲು, ಒಂದು ಗಾಜು, ಗಾಜಿನಾಚೆ ಪುಟ್ಟ ಪುಟ್ಟ ದೀಪಗಳ ಒಂದು ಊರು, ಮತ್ತೆ ಕತ್ತಲು. ಒಟ್ಟು ಹನ್ನೆರಡು ಸೆಕೆಂಡು. ನಮ್ಮ ಕೊಡಗಿನ ಪಾಲಿಬೆಟ್ಟದಲ್ಲಿ ಅವತ್ತು ಮಳೆ ಹಿಡಿದು ಕರೆಂಟು ಹೋಗಿತ್ತು. ಮೊಬೈಲಿನ ಚಾರ್ಜು ಮುಗಿಯುವ ತನಕ ಅದನ್ನೇ ಮತ್ತೆ ಮತ್ತೆ ಹಾಕಿ ನೋಡಿದೆ. ನಾಲ್ಕನೆಯ ಸಲವೋ ಐದನೆಯ ಸಲವೋ ಒಂದು ಕಿಟಕಿ ಕಣ್ಣಿಗೆ ಬಿತ್ತು. ಕಿರುಬೆರಳ ಉಗುರಿಗಿಂತ ಚಿಕ್ಕದು. ಒಳಗೆ ದೀಪ ಉರಿಯುತ್ತಿತ್ತು.

ಫೋನ್ ಮಾಡಿ ಏನೇ ಇದು ಅಂದೆ. "ಗೊತ್ತಿಲ್ಲ ಮಾವ, ರೈಲಲ್ಲಿ ಹೋಗ್ತಾ ಕಾಣಿಸ್ತು. ಯಾವುದೋ ಹಳೇ ಮಾಡೆಲ್ ಅಂತೆ" ಅಂದಳು.

ಹಳೇ ಮಾಡೆಲ್ ಅನ್ನುವುದು ನಿಜ. ಆದರೆ ಅದು ಹಳೇ ಊರಿನದಲ್ಲ, ಇನ್ನೂ ಬರಬೇಕಾಗಿದ್ದ ಊರಿನದು. ಹೆಸರು 'ಪ್ರೋಗ್ರೆಸ್ ಸಿಟಿ'. ಮಿಕ್ಕಿ ಇಲಿಯನ್ನು ಜಗತ್ತಿಗೆ ಕೊಟ್ಟ ವಾಲ್ಟ್ ಡಿಸ್ನಿ ತನ್ನ ಕೊನೆಯ ದಿನಗಳಲ್ಲಿ ಸಿನಿಮಾ, ಕಾರ್ಟೂನು, ಉದ್ಯಾನ ಎಲ್ಲಕ್ಕಿಂತ ಹೆಚ್ಚಾಗಿ ತಲೆಗೆ ಹಚ್ಚಿಕೊಂಡಿದ್ದು ಈ ಊರನ್ನೇ.

ಮೊದಲು ಕಟ್ಟಿದಾಗ ಆ ಮಾದರಿಗಿದ್ದ ಅಳತೆಯನ್ನು ನಮ್ಮ ಕಡೆಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. 115 ಅಡಿ ಅಗಲ, 60 ಅಡಿ ಆಳ, 6,900 ಚದರಡಿ. ಒಂದು ಮಟ್ಟಸವಾದ ಕಾಫಿ ಕಣವನ್ನು ನೆನಪಿಸಿಕೊಳ್ಳಿ. ಆ ಕಣದ ತುಂಬ ಕಾಫಿಯ ಬದಲು ಊರು ಹರವಿದೆ. ಒಂದು ಅಡಿಗೆ ಅಂಗುಲದ ಎಂಟನೇ ಒಂದು ಪಾಲು ಎಂಬುದು ಅದರ ಪ್ರಮಾಣ. ಆರಡಿ ಆಳು ಅಲ್ಲಿ ಮುಕ್ಕಾಲು ಅಂಗುಲ, ಅಂದರೆ ಒಂದು ಕಾಫಿ ಹಣ್ಣಿಗಿಂತ ತುಸು ಎತ್ತರ. ನೂರಡಿಯ ಸಿಲ್ವರ್ ಓಕ್ ಹನ್ನೆರಡೂವರೆ ಅಂಗುಲ. ಇಷ್ಟು ಜಾಗದಲ್ಲಿ ಸುಮಾರು 4,500 ಕಟ್ಟಡ, 20,000ಕ್ಕೂ ಹೆಚ್ಚು ಗಿಡಮರ, ಉರಿಯುವ 1,400 ಬೀದಿದೀಪ, ಓಡುವ ಎರಡು ಸಾವಿರ ಚಿಲ್ಲರೆ ವಾಹನ. ಅಂಚಿನಲ್ಲೊಂದು ಅಣು ವಿದ್ಯುತ್ ಸ್ಥಾವರ. ತಿರುಗುವ ಜಾತ್ರೆ ತೊಟ್ಟಿಲುಗಳೂ ಇದ್ದವು.

ನನಗೆ ಇವ್ಯಾವುವೂ ದೊಡ್ಡದೆನಿಸಲಿಲ್ಲ. ಮನಸ್ಸು ನಿಂತದ್ದು ಆ ಕಿಟಕಿಯಲ್ಲಿ. ಅದನ್ನು ಮೊದಲು ಇಟ್ಟದ್ದು, ನೋಡಲು ಬಂದವರು ಕೆಲವೇ ನಿಮಿಷ ನಿಂತು, ಅದೂ ದೂರದಿಂದ ನೋಡಿ, ಮುಂದೆ ಸಾಗುವ ಜಾಗದಲ್ಲಿ. ಹೊರಗೋಡೆಗೆ ಬಣ್ಣ ಬಳಿದು, ಹಿಂದೊಂದು ಬಲ್ಬು ಸಿಕ್ಕಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಹಲವು ಕಟ್ಟಡಗಳ ಒಳಗೂ ಕೆಲಸ ಮುಗಿಸಿದ್ದರು. ಒಳಗೆ ಕುರ್ಚಿ, ಮೇಜು, ಅವುಗಳಿಗೆ ದೀಪ. ಅರ್ಧ ಅಂಗುಲವೂ ಇಲ್ಲದ ಕುರ್ಚಿಯನ್ನು ಇಕ್ಕಳದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಒಳಗಿಟ್ಟು, ಆಮೇಲೆ ಮೇಲೆ ಮಾಡು ಮುಚ್ಚಿಬಿಟ್ಟ ಆ ಕೈ ಯಾರದೋ. ತಾನಿಟ್ಟ ಕುರ್ಚಿಯನ್ನು ಯಾರಾದರೂ ಕಂಡಾರು ಎಂಬ ಭರವಸೆ ಅವನಿಗೆ ಇದ್ದಿರಲಾರದು. ದೇವಸ್ಥಾನದ ಗೋಪುರದ ಹಿಂಬದಿಯ ಬೊಂಬೆಗೂ ಕಣ್ಣು ಬಿಡಿಸುವ ನಮ್ಮ ಗಾರೆ ಕೆಲಸದವರು ನೆನಪಾದರು. ಕಾಣುವುದಿಲ್ಲವೆಂದು ಬಿಡುವುದು ಅವರಿಗೂ ಒಗ್ಗದು.

ಕತೆ ಚುಟುಕಾಗಿ ಹೀಗಿದೆ. 1964-65ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಗಾಗಿ ಡಿಸ್ನಿಯವರು ಒಂದು ತಿರುಗುವ ರಂಗಮಂದಿರ ಕಟ್ಟಿದ್ದರು. ಮನೆಯೊಳಗೆ ಕರೆಂಟು ಬಂದ ಕತೆಯನ್ನು ಮಾತಾಡುವ ಯಂತ್ರಬೊಂಬೆಗಳು ಹೇಳುತ್ತಿದ್ದವು. ಮೇಳ ಮುಗಿದ ಮೇಲೆ ಅದು ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿಗೆ ಬಂತು. ಅಲ್ಲಿ ಬೊಂಬೆಗಳ ಆಟ ಮುಗಿಸಿ ಮಹಡಿ ಹತ್ತಿದರೆ ಈ ನಗರ. ಅದು ತೆರೆದದ್ದು 1967ರ ಜುಲೈ 2ರಂದು. ಅಷ್ಟರಲ್ಲಿ ಡಿಸ್ನಿ ತೀರಿಕೊಂಡು ಆರು ತಿಂಗಳು ದಾಟಿತ್ತು.

ಡಿಸ್ನಿಯ ಪಾಲಿಗೆ ಅದು ಆಟಿಕೆಯಾಗಿರಲಿಲ್ಲ. ಫ್ಲಾರಿಡಾದಲ್ಲಿ ಬೇರೆ ಬೇರೆ ಕಂಪನಿಗಳ ಹೆಸರಲ್ಲಿ, ಗುಟ್ಟಾಗಿ, 27,000 ಎಕರೆಗೂ ಮಿಗಿಲು ಜೌಗು ಭೂಮಿ ಕೊಂಡಿದ್ದ. ಎಕರೆಗೆ ಸರಾಸರಿ 200 ಡಾಲರಿನ ಆಸುಪಾಸು. ಅಲ್ಲಿ 20,000 ಜನ ವಾಸಿಸುವ ನಿಜವಾದ ಊರು ಕಟ್ಟುವುದು ಅವನ ಯೋಜನೆ. 'ಎಪ್‌ಕಾಟ್' ಎಂದು ಹೆಸರು. ನಡುವೆ ಮುಗಿಲು ಮುಟ್ಟುವ ಹೋಟೆಲು, ಅದರ ಸುತ್ತ 50 ಎಕರೆಯ ಮಾಡು ಹೊದೆಸಿದ ಪೇಟೆ. ಮಳೆ ಬಿಸಿಲು ತಾಗಬಾರದು. ಆಚೆಗೆ ವಸತಿ, ಹಸಿರು ವಲಯ, ತೋಟದ ನಡುವಿನ ಮನೆಗಳು. ಎಲ್ಲ ಚಕ್ರದ ಅರೆಗಳ ಹಾಗೆ. ಪೇಟೆಯ ಭಾಗದಲ್ಲಿ ಕಾರು ಲಾರಿಗಳು ನೆಲದಡಿಗೆ, ಮೇಲೆ ನಡೆಯುವವರು ಮಾತ್ರ. ಇಂಗ್ಲೆಂಡಿನ ಎಬಿನೇಜರ್ ಹೊವಾರ್ಡ್ ಹೇಳಿದ ಉದ್ಯಾನನಗರಿಯ ನೆರಳು ಅದರಲ್ಲಿ ಚೆನ್ನಾಗಿಯೇ ಕಾಣುತ್ತದೆ. 1966ರ ಅಕ್ಟೋಬರ್ 27ರಂದು ಕ್ಯಾಮೆರಾ ಮುಂದೆ ನಿಂತು ಡಿಸ್ನಿ ಈ ಊರನ್ನು ವಿವರಿಸಿದ. ಡಿಸೆಂಬರ್ 15ಕ್ಕೆ ಹೋಗಿಬಿಟ್ಟ. 65 ತುಂಬಿ ಹತ್ತು ದಿನವಾಗಿತ್ತು. ಊರು ಕಟ್ಟುವ ಧೈರ್ಯ ಅವನ ಹಿಂದೆ ಉಳಿದವರಿಗೆ ಬರಲಿಲ್ಲ. 1982ರ ಅಕ್ಟೋಬರ್ 1ರಂದು ಎಪ್‌ಕಾಟ್ ಎಂಬ ಹೆಸರಿನಲ್ಲಿ ಬಾಗಿಲು ತೆರೆದದ್ದು ಟಿಕೆಟ್ ಕೊಂಡು ನೋಡುವ ಇನ್ನೊಂದು ಉದ್ಯಾನ. ರಾತ್ರಿಯಾದರೆ ಎಲ್ಲರೂ ಹೊರಗೆ ಹೋಗಬೇಕು.

ಕಟ್ಟದಿದ್ದದ್ದೇ ಒಳ್ಳೆಯದಾಯಿತೇನೋ. ಆ ಊರಿನಲ್ಲಿ ಯಾರಿಗೂ ಸ್ವಂತ ನೆಲ ಇರುತ್ತಿರಲಿಲ್ಲ; ಎಲ್ಲರೂ ಬಾಡಿಗೆಗೆ. ನೆಲ ಇಲ್ಲವಾದ್ದರಿಂದ ಊರಾಡಳಿತದಲ್ಲಿ ಮತದ ಬಲವೂ ಇಲ್ಲ. ದುಡಿಯುವವರಿಗೆ ಮಾತ್ರ ಜಾಗ, ನಿವೃತ್ತರಿಗಿಲ್ಲ. ಇದನ್ನು ಓದುತ್ತಿದ್ದ ಹಾಗೆ ನನಗೆ ಭವಿಷ್ಯ ಕಾಣಲಿಲ್ಲ, ಎಸ್ಟೇಟಿನ ಲೈನ್‌ಮನೆ ಕಂಡಿತು. ಕೆಲಸ ಇರುವಷ್ಟು ದಿನ ಸೂರು, ಕೈ ಸೋತ ದಿನ ಗಂಟುಮೂಟೆ. ತಲೆಮಾರುಗಳಿಂದ ಬಂದ ಜಮ್ಮಾ ಭೂಮಿಯ ಹೆಸರೆತ್ತಿದರೆ ಕಣ್ಣು ಕೆಂಪಾಗುವ ನಮ್ಮ ಕೊಡಗಿನಲ್ಲಿ ಇಂಥ ಊರಿಗೆ ಯಾರು ಹೋಗುತ್ತಿದ್ದರು? ನಿವೃತ್ತರು ಬೇಡ ಎಂಬ ಕಾನೂನು ಪಾಲಿಬೆಟ್ಟಕ್ಕೆ ಬಂದರಂತೂ ಬೆಳಗಿನ ಹೊತ್ತು ಪೇಟೆಯಲ್ಲಿ ಪೇಪರ್ ಓದಲು ಜನರೇ ಇರುವುದಿಲ್ಲ, ನನ್ನನ್ನೂ ಸೇರಿಸಿ.

ಆದರೂ ಆ ಮಾದರಿ ಉಳಿಯಬೇಕು. ಈ ಮಾತನ್ನು ನಾನು ಗೋಣಿಕೊಪ್ಪದ ಒಬ್ಬ ವೆಲ್ಡರ್ ಮುಂದೆ ಹೇಳಿ ಬೈಸಿಕೊಂಡಿದ್ದೇನೆ. ಮಡಿಕೇರಿಯ ಹಾಗೆ ಗೋಣಿಕೊಪ್ಪದಲ್ಲೂ ದಸರೆಗೆ ದಶಮಂಟಪಗಳ ಮೆರವಣಿಗೆ ಇದೆಯಲ್ಲ, ಅದಕ್ಕೆ ಕಬ್ಬಿಣದ ಚೌಕಟ್ಟು ಕಟ್ಟಿ, ಗೇರು ಮೋಟಾರು ಕೂರಿಸಿ, ರಾಕ್ಷಸನ ಕೈ ಮೇಲೇಳುವಂತೆ, ದೇವಿಯ ತ್ರಿಶೂಲ ಇಳಿಯುವಂತೆ ಮಾಡುವ ಮನುಷ್ಯ ಆತ. ಟ್ರ್ಯಾಕ್ಟರಿನ ಮೇಲೆ ಜನರೇಟರ್ ಗುಡುಗುತ್ತಿರುವಾಗ ಆ ಕೈ ಎತ್ತಿದರೆ ಊರಿಗೆ ಊರೇ ಕೇಕೆ ಹಾಕುತ್ತದೆ. ಬೆಳಗಾದರೆ ಎಲ್ಲ ಬಿಚ್ಚುತ್ತಾರೆ. ವಿಡಿಯೊ ತೋರಿಸಿದೆ. ಎರಡು ಸಲ ನೋಡಿದ. "ಇಟ್ಟುಕೊಂಡು ಏನ್ ಮಾಡ್ತೀರಿ ಸಾರ್? ಇಟ್ಟರೆ ತುಕ್ಕು. ಬಿಚ್ಚಿದ್ರೆ ಮುಂದಿನ ವರ್ಷಕ್ಕೆ ಸಾಮಾನು" ಅಂದ. ಅವನದು ದುಡಿಯುವ ಕೈಯ ನ್ಯಾಯ. ಅವನ ಮಂಟಪ ಮುಂದಿನ ವರ್ಷ ಮತ್ತೆ ಹುಟ್ಟುತ್ತದೆ, ಆ ಧೈರ್ಯ ಅವನಿಗಿದೆ. ಪ್ರೋಗ್ರೆಸ್ ಸಿಟಿಗೆ ಮುಂದಿನ ವರ್ಷವೇ ಇರಲಿಲ್ಲ.

1973ರ ಸೆಪ್ಟೆಂಬರಿನಲ್ಲಿ ಡಿಸ್ನಿಲ್ಯಾಂಡಿನ ಆ ರಂಗಮಂದಿರ ಮುಚ್ಚಿತು. ಬೊಂಬೆಗಳು ಫ್ಲಾರಿಡಾದ ಡಿಸ್ನಿ ಉದ್ಯಾನವಾದ ಮ್ಯಾಜಿಕ್ ಕಿಂಗ್‌ಡಮ್‌ಗೆ ಹೊರಟವು. ಮಾದರಿಯನ್ನು ಇಡಿಯಾಗಿ ಹಿಡಿಸುವ ಜಾಗ ಅಲ್ಲಿರಲಿಲ್ಲ. ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು, ನಡುವಿನ ಹೋಟೆಲು ಮತ್ತು ಅದರ ಸುತ್ತಿನ ಊರು, ದೇಶದ ಈ ಕಡಲಿನಿಂದ ಆ ಕಡಲಿಗೆ ಬಂತು. 1975ರ ಜುಲೈ 1ರಂದು ಶುರುವಾದ 'ಪೀಪಲ್‌ಮೂವರ್' ಎಂಬ ಪುಟ್ಟ ರೈಲಿನ ದಾರಿಯಲ್ಲಿ ಅದನ್ನು ಗಾಜಿನ ಹಿಂದೆ ಕೂರಿಸಿದರು. ಅಲ್ಲಿಗೆ ನಡೆದುಕೊಂಡು ಹೋಗುವ ಹಾಗಿಲ್ಲ. ರೈಲಿನಲ್ಲೇ ನೋಡಬೇಕು, ರೈಲು ನಿಲ್ಲುವುದಿಲ್ಲ.

ಆ ರೈಲಿನ ಬಗ್ಗೆ ಒಂದು ಮಾತು. ಬಂಡಿಗಳಲ್ಲಿ ಎಂಜಿನ್ ಇಲ್ಲ. ದಾರಿಯಲ್ಲಿ ಹೂತಿಟ್ಟ ವಿದ್ಯುತ್ಕಾಂತಗಳು ಅವನ್ನು ಮೆಲ್ಲಗೆ ತಳ್ಳುತ್ತವೆ. ಹೊಗೆಯಿಲ್ಲ, ಸದ್ದು ಅತಿ ಕಡಿಮೆ. ಡಿಸ್ನಿ ತನ್ನ ಊರಿನ ಜನ ಮನೆಯಿಂದ ಪೇಟೆಗೆ ಹೋಗಲೆಂದು ಎಣಿಸಿದ್ದು ಇಂಥ ಬಂಡಿಯನ್ನೇ. ಅಂದರೆ ಆ ಊರಿನ ಸಂಚಾರ ವ್ಯವಸ್ಥೆ ಮಾತ್ರ ನಿಜವಾಗಿ ಹುಟ್ಟಿ, ಈಗ ದಿನವಿಡೀ ಹುಟ್ಟದ ಊರಿನ ಮುಂದೆ ಹಾದುಹೋಗುತ್ತಿದೆ. ಅಕ್ಕನ ಮಗಳಿಗೆ ಇದನ್ನು ಹೇಳಿದೆ. "ಹೌದಾ ಮಾವ? ನಾವು ಕಾಲುನೋವು ಅಂತ ಹತ್ತಿದ್ದು" ಅಂದಳು.

ಇಂಥ ಮಾದರಿಯನ್ನು ಕಾಪಾಡುವುದು ಹಳೇ ಕಟ್ಟಡ ಕಾಪಾಡಿದಂತಲ್ಲ. ಕಲ್ಲು ತಾಳುತ್ತದೆ. ಐವತ್ತು ಅರವತ್ತು ವರ್ಷದ ಪ್ಲಾಸ್ಟಿಕ್ ಹಳದಿಗಟ್ಟಿ ಮುಟ್ಟಿದರೆ ಮುರಿಯುತ್ತದೆ, ಅಂಟು ಬಿಡುತ್ತದೆ, ದೀಪದ ಬಿಸಿಗೆ ಬಣ್ಣ ಮಾಸುತ್ತದೆ. ಧೂಳು ಒರೆಸಲು ಕೈ ಹಾಕಿದರೆ ನಾಲ್ಕು ಮರ ಕಿತ್ತು ಬರುತ್ತವೆ. ಮಳೆಗಾಲದಲ್ಲಿ ಗೋಡೆಯ ಮೇಲಿನ ಫೋಟೊಗೂ ಬೂಷ್ಟು ಹಿಡಿಯುವುದನ್ನು ನೋಡುತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾವು ಉಳಿಸಿಕೊಳ್ಳುವ ಮಾದರಿಗಳೆಲ್ಲ ನಿನ್ನೆಯವು. ಶಿಗ್ಗಾಂವಿ ಬಳಿಯ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಇಡೀ ಹಳ್ಳಿಯನ್ನೇ ಆಳೆತ್ತರದಲ್ಲಿ ನಿಲ್ಲಿಸಿದರು. ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಜಾನಪದ ಲೋಕ ಕಟ್ಟಿದರು. ದೊಡ್ಡ ಕೆಲಸಗಳು, ಎರಡು ಮಾತಿಲ್ಲ. ಆದರೆ ನಾಳೆಯನ್ನು ಕಂಡವರೂ ನಮ್ಮಲ್ಲಿದ್ದರು. 1970ರ ದಶಕದಲ್ಲಿ ರಾಜ್ಯ ಸರ್ಕಾರದ ಕಂಪನಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರು ಬೆಂಗಳೂರು ಬಳಿಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡರು. ಅವರ ಊರು ಬಂದೇ ಬಂತು, ಟ್ರಾಫಿಕ್ಕನ್ನೂ ಕರೆದುಕೊಂಡು. ಅಂದು ಯಾರ ಮೇಜಿನ ಮೇಲೆ ಯಾವ ನಕ್ಷೆ ಹರಡಿತ್ತು, ಯಾವ ರಟ್ಟಿನ ಮಾದರಿ ಇತ್ತು ಎಂದು ಹುಡುಕುವ ಮನಸ್ಸು ಯಾರಿಗಾದರೂ ಬಂದರೆ ಒಳ್ಳೆಯದು. ಬಂದ ನಾಳೆಯ ಪಕ್ಕದಲ್ಲಿ ಬಯಸಿದ ನಾಳೆಯನ್ನೂ ಇಟ್ಟು ನೋಡಬಹುದು.

ಕೊಡಗಿನ ಮನೆಗಳಿಂದ ಅಮೆರಿಕಕ್ಕೆ ಹೋದ ಮಕ್ಕಳು ಈಗ ಕಡಿಮೆಯಿಲ್ಲ. ಅಪ್ಪ ಅಮ್ಮ ಆರು ತಿಂಗಳ ಮಟ್ಟಿಗೆ ಹೋದರೆ ಫ್ಲಾರಿಡಾದ ಒರ್ಲಾಂಡೊ ತೋರಿಸಿಯೇ ಕಳಿಸುತ್ತಾರೆ. ನೀವು ಹೋದರೆ ಮ್ಯಾಜಿಕ್ ಕಿಂಗ್‌ಡಮ್‌ನ ಆ ರೈಲು ಹತ್ತಿ. ಕತ್ತಲೆಗೆ ನುಗ್ಗಿದ ಕೂಡಲೇ ಮೊಬೈಲು ಕೆಳಗಿಡಿ, ಗಾಜಿನಲ್ಲಿ ನಿಮ್ಮದೇ ಬೆಳಕು ಹೊಳೆದು ಊರು ಮರೆಯಾಗುತ್ತದೆ. ಮುಗಿದರೆ ಇಳಿದು ಇನ್ನೊಂದು ಸಲ ಹತ್ತಿ. ಅದಕ್ಕೆ ಬೇರೆ ಟಿಕೆಟ್ ಇಲ್ಲ. ಎಷ್ಟು ಕಿಟಕಿಗಳಲ್ಲಿ ದೀಪ ಉರಿಯುತ್ತಿದೆ ಎಂದು ಎಣಿಸಿಕೊಂಡು ಬನ್ನಿ. ವಿಡಿಯೊ ನಿಲ್ಲಿಸಿ ನಿಲ್ಲಿಸಿ ಎಣಿಸಿದಾಗ ನನಗೆ ಸಿಕ್ಕಿದ್ದು ಮೂವತ್ತೊಂದು.