ಕಂಪ್ಯೂಟರಿನ ತಾಯಿಹಲಗೆ ಕೆಟ್ಟಾಗ

ನಮಗೆ ಪರಿಚಿತರಾದ ಉಪಾಧ್ಯಾಯರೊಬ್ಬರ ಮನೆಯಲ್ಲಿ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಉಂಟು. ಹನ್ನೆರಡು ವರ್ಷ ನಿಷ್ಠೆಯಿಂದ ದುಡಿದ ಆ ಯಂತ್ರ ಒಂದು ದಿನ ಬೆಳಗ್ಗೆ ಎಷ್ಟು ಸಲ ಗುಂಡಿಯನ್ನೊತ್ತಿದರೂ ಏಳಲಿಲ್ಲ. ಮಗಳ ಎಂ.ಎ. ಪ್ರಬಂಧದ ಕರಡೆಲ್ಲ ಅದರೊಳಗೇ ಇದ್ದಿತು. ಒಪ್ಪಿಸುವ ಗಡುವಿಗೆ ಉಳಿದಿದ್ದುದು ಮೂರೇ ವಾರ. ಅಂಗಡಿಯವನು ಬಂದು ನೋಡಿ, “ಮದರ್‌ಬೋರ್ಡ್ ಹೋಗಿದೆ. ಹೊಸ ಕಂಪ್ಯೂಟರನ್ನೇ ತೆಗೆದುಕೊಂಡುಬಿಡಿ ಮೇಷ್ಟ್ರೇ” ಎಂದನಂತೆ. ಅದಕ್ಕೆ ತಕ್ಕ ಹಣ ಅವರ ಕೈಯಲ್ಲಿರಲಿಲ್ಲ. ಇಂಥ ಇಕ್ಕಟ್ಟು ಎಷ್ಟೋ ಮನೆಗಳಿಗೆ ಬರುವಂಥದು. ಆದುದರಿಂದ ಈ ಯಂತ್ರವನ್ನೇ ನಿದರ್ಶನವಾಗಿಟ್ಟುಕೊಂಡು, ಕಡಮೆ ಖರ್ಚಿನಲ್ಲಿ ಬದಲಿ ಬೋರ್ಡನ್ನು ಆರಿಸುವ ಬಗೆಯನ್ನು ನೋಡೋಣ.

ತಾಯಿ ಏಕೆ?

ಕಂಪ್ಯೂಟರಿನ ಪೆಟ್ಟಿಗೆಯನ್ನು, ಅಂದರೆ ಕ್ಯಾಬಿನೆಟ್ಟನ್ನು, ತೆರೆದರೆ ಒಂದು ಪಕ್ಕಕ್ಕೆ ತಿರುಪುಗಳಿಂದ ಬಿಗಿದ ಅಗಲವಾದ ಹಲಗೆಯೊಂದು ಕಾಣುತ್ತದೆ. ಅದೇ ಮದರ್‌ಬೋರ್ಡ್. ಲೆಕ್ಕ ಮಾಡುವುದು ಪ್ರೊಸೆಸರ್. ಮಾಡುತ್ತಿರುವ ಕೆಲಸವನ್ನು ನೆನಪಿನಲ್ಲಿಡುವುದು ರ‍್ಯಾಮ್. ಬರೆದುದನ್ನು ಕಾಯ್ದಿಡುವುದು ಡಿಸ್ಕ್. ಇವೆಲ್ಲಕ್ಕೂ ವಿದ್ಯುತ್ತನ್ನು ಹದಮಾಡಿ ಕೊಡುವುದು ಎಸ್.ಎಂ.ಪಿ.ಎಸ್. ಎಂಬ ತಗಡಿನ ಡಬ್ಬ. ಬೋರ್ಡು ತಾನಾಗಿ ಲೆಕ್ಕ ಮಾಡುವುದಿಲ್ಲ, ಏನನ್ನೂ ಕಾಯ್ದಿಡುವುದೂ ಇಲ್ಲ. ಆದರೆ ಎಲ್ಲ ಮಕ್ಕಳನ್ನೂ ಒಂದೇ ಮಡಿಲಲ್ಲಿ ಕೂಡಿಸಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ಅದರದು.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಬೋರ್ಡು ಕೆಟ್ಟರೂ ಡಿಸ್ಕಿನಲ್ಲಿರುವ ಬರಹ ಸಾಮಾನ್ಯವಾಗಿ ಕೆಡುವುದಿಲ್ಲ. ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ ಅದನ್ನು ಓದಬಹುದು. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕಿದ್ದರೆ ಮಾತ್ರ ಅದರ ಕೀಲಿಸಂಖ್ಯೆ ಬೇಕಾಗುತ್ತದೆ. ಉಪಾಧ್ಯಾಯರ ಮಗಳ ಅಳಲು ಇಷ್ಟರಿಂದಲೇ ಅರ್ಧ ಇಳಿಯಿತು. ಎರಡನೆಯದು, ಹೊಸ ತಾಯಿ ಹಳೆಯ ಮಕ್ಕಳೆಲ್ಲರಿಗೂ ಹೊಂದಬೇಕು. ಬೋರ್ಡಿನ ಆಯ್ಕೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ.

ರೋಗ ನಿದಾನ

ಕೊಳ್ಳುವ ಮೊದಲು, ಕೆಟ್ಟಿರುವುದು ನಿಜವಾಗಿ ಬೋರ್ಡೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಎಸ್.ಎಂ.ಪಿ.ಎಸ್. ಸೋತರೂ ರೋಗದ ಲಕ್ಷಣ ಇದೇ. ನೆರೆಯವರ ಯಂತ್ರದಿಂದ ಸುಸ್ಥಿತಿಯಲ್ಲಿರುವ ಒಂದನ್ನು ಎರವಲು ತಂದು ಜೋಡಿಸಿ ನೋಡುವುದು ಸುಲಭವಾದ ಪರೀಕ್ಷೆ. ಎಸ್.ಎಂ.ಪಿ.ಎಸ್. ಡಬ್ಬವನ್ನು ಮಾತ್ರ ಬಿಚ್ಚಕೂಡದು. ತಂತಿಯನ್ನು ಕಿತ್ತ ಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ. ಬಳಿಕ ರ‍್ಯಾಮ್ ಪಟ್ಟಿಯನ್ನು ತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲನೆ ಉಜ್ಜಿ ಮತ್ತೆ ಕೂಡಿಸಬೇಕು. ಇಷ್ಟರಿಂದಲೇ ಎದ್ದು ಕುಳಿತ ಯಂತ್ರಗಳು ಹಲವು.

ಉಪಾಧ್ಯಾಯರ ಯಂತ್ರ ಇದಾವುದಕ್ಕೂ ಬಗ್ಗಲಿಲ್ಲ. ದೀಪ ಹಿಡಿದು ನೋಡಿದಾಗ ಪ್ರೊಸೆಸರಿನ ಬಳಿಯ ಮೂರು ಕೆಪಾಸಿಟರುಗಳ ನೆತ್ತಿ ಉಬ್ಬಿ, ಒಂದರಿಂದ ಕಂದು ದ್ರವ ಒಸರಿದುದು ಕಂಡಿತು. ವಿದ್ಯುತ್ತಿನ ಏರಿಳಿತವನ್ನು ಸಮಮಾಡುವ ಈ ಸಣ್ಣ ಉರುಳೆಗಳೊಳಗೆ ದ್ರವವಿರುತ್ತದೆ. ವರ್ಷಗಳ ಕಾವಿಗೆ ಅದು ಕೆಟ್ಟು ಅನಿಲವಾಗಿ ಉಬ್ಬುತ್ತದೆ. ರೋಗ ಬೋರ್ಡಿನದೇ ಎಂಬುದರಲ್ಲಿ ಸಂದೇಹ ಉಳಿಯಲಿಲ್ಲ.

ಸಾಕೆಟ್ಟಿನ ಕಟ್ಟಳೆ

ಆ ಯಂತ್ರದ ಪ್ರೊಸೆಸರ್ 2012ರಲ್ಲಿ ಹೊರಬಂದ ಇಂಟೆಲ್ ಕೋರ್ ಐ5-3470. ಅದು ಕೂರುವ ಪೀಠಕ್ಕೆ, ಎಂದರೆ ಸಾಕೆಟ್ಟಿಗೆ, ಎಲ್‌ಜಿಎ 1155 ಎಂದು ಹೆಸರು. 1155 ಎಂಬುದು ಸಂಪರ್ಕ ಬಿಂದುಗಳ ಎಣಿಕೆ. 2009ರ ಸಾಕೆಟ್ಟಿಗೆ 1156 ಬಿಂದುಗಳಿದ್ದುವು, 2013ರದಕ್ಕೆ 1150. ಒಂದೇ ಒಂದು ಬಿಂದುವಿನ ವ್ಯತ್ಯಾಸವಾದರೂ ಒಂದರದು ಇನ್ನೊಂದರಲ್ಲಿ ಕೂರದು.

ಎಣಿಕೆ ಸರಿಯಾದರೆ ಸಾಕೆಂದೂ ಹೇಳುವಂತಿಲ್ಲ. 2015ರಲ್ಲಿ ಬಂದ 1151ರ ಬೋರ್ಡುಗಳೂ 2017ರ ಕೊನೆಯಲ್ಲಿ ಬಂದ 1151ರ ಬೋರ್ಡುಗಳೂ ಹೆಸರಿನಲ್ಲಿ ಒಂದೇ, ಆದರೆ ಒಂದರ ಪ್ರೊಸೆಸರನ್ನು ಇನ್ನೊಂದು ಒಪ್ಪುವುದಿಲ್ಲ. ಎಎಂಡಿ ಕಂಪನಿಯ ಎಎಂ4 ಸಾಕೆಟ್ 2016ರಿಂದ ಹಲವು ಪೀಳಿಗೆಗಳಿಗೆ ಆಸನವಾಯಿತು. ಅಲ್ಲಿಯೂ ಪ್ರತಿ ಬೋರ್ಡಿಗೆ ಅದು ಒಪ್ಪುವ ಪ್ರೊಸೆಸರುಗಳ ಪಟ್ಟಿ ಬೇರೆ ಬೇರೆ. ಆ ಪಟ್ಟಿಯನ್ನು ತಯಾರಕರೇ ಪ್ರಕಟಿಸುತ್ತಾರೆ. ಅದನ್ನು ನೋಡದೆ ಕೊಳ್ಳುವುದು ಅಳತೆ ಕೊಡದೆ ಜೋಡು ಹೊಲಿಸಿದಂತೆ.

ನಮ್ಮ ಯಂತ್ರಕ್ಕೆ ಒಪ್ಪುವ ಬೋರ್ಡುಗಳಲ್ಲಿ ಅಗ್ಗವಾಗಿ ಸಿಕ್ಕುವುವು ಎರಡು ಬಗೆ: ಎಚ್61 ಮತ್ತು ಬಿ75. ಇವು ಬೋರ್ಡಿನ ಮೇಲೆ ಮಾತುಕತೆಯನ್ನು ನಡೆಸುವ ಚಿಪ್‌ಸೆಟ್ಟಿನ ಹೆಸರುಗಳು. ಎಚ್61 ಬಂದುದು 2011ರಲ್ಲಿ, ಈ ಪ್ರೊಸೆಸರ್ ಹುಟ್ಟುವ ಮುನ್ನ. ಆಗ ತಯಾರಾದ ಬೋರ್ಡು ಪ್ರೊಸೆಸರನ್ನು ಗುರುತಿಸಬೇಕಾದರೆ ಅದರ ಬಯಾಸ್ ತಂತ್ರಾಂಶವನ್ನು ಹೊಸದುಮಾಡಬೇಕು; ಹಾಗೆ ಮಾಡಲು ಹಿಂದಿನ ಪೀಳಿಗೆಯ ಪ್ರೊಸೆಸರೊಂದು ಬೇಕು! ಬಿ75ಕ್ಕೆ ಈ ತೊಡಕಿಲ್ಲ. ಮೇಲಾಗಿ ಅದರಲ್ಲಿ ಯುಎಸ್‌ಬಿ 3.0 ಉಂಟು, ಎಚ್61ರ ಎರಡರಷ್ಟು ವೇಗದ ಸಾಟಾ ಸಂಪರ್ಕವೂ ಒಂದು ಉಂಟು. ಎಸ್.ಎಸ್.ಡಿ. ಹಾಕಿದರೆ ಇದರ ಲಾಭ ಕಾಣುತ್ತದೆ.

ಉಳಿದ ಮಕ್ಕಳು

ರ‍್ಯಾಮಿನಲ್ಲಿಯೂ ಪೀಳಿಗೆಗಳುಂಟು. ಡಿಡಿಆರ್3 ಪಟ್ಟಿಗೆ 240 ಸಂಪರ್ಕಗಳು, 1.5 ವೋಲ್ಟು, ಡಿಡಿಆರ್4ಕ್ಕೆ 288 ಸಂಪರ್ಕಗಳು, 1.2 ವೋಲ್ಟು. ಡಿಡಿಆರ್5ರಲ್ಲಿಯೂ 288 ಸಂಪರ್ಕಗಳೇ, ಆದರೆ 1.1 ವೋಲ್ಟು. ತಪ್ಪಾಗಿ ತೂರಿಸದಿರಲೆಂದೇ ಒಂದೊಂದರ ಕಚ್ಚನ್ನೂ ಬೇರೆ ಬೇರೆ ಜಾಗದಲ್ಲಿ ಕೊರೆದಿರುತ್ತಾರೆ. ಕೂರದ ಪಟ್ಟಿಯನ್ನು ಬಲವಂತವಾಗಿ ಒತ್ತಕೂಡದು.

ಬೋರ್ಡಿನ ಅಳತೆಯೂ ಮುಖ್ಯ. ಎಟಿಎಕ್ಸ್ ಬೋರ್ಡು 305 × 244 ಮಿಲಿಮೀಟರು. ಮೈಕ್ರೋ ಎಟಿಎಕ್ಸ್ ಹೆಚ್ಚೆಂದರೆ 244 × 244. ಮಿನಿ ಐಟಿಎಕ್ಸ್ 170 × 170. ದೊಡ್ಡ ಕ್ಯಾಬಿನೆಟ್ಟಿನಲ್ಲಿ ಸಾಮಾನ್ಯವಾಗಿ ಚಿಕ್ಕ ಬೋರ್ಡು ಕೂರುತ್ತದೆ, ಚಿಕ್ಕದರಲ್ಲಿ ದೊಡ್ಡದು ಕೂರದು. ದೊಡ್ಡ ಕಂಪನಿಗಳು ಸಿದ್ಧಪಡಿಸಿ ಮಾರುವ ಕೆಲವು ಯಂತ್ರಗಳಲ್ಲಿ ತಿರುಪಿನ ತೂತುಗಳೂ ವಿದ್ಯುತ್ತಿನ ಕೊಂಡಿಗಳೂ ಲೋಕರೂಢಿಯಂತಿರದೆ ಅವರವರದೇ ರೀತಿಯಲ್ಲಿರುತ್ತವೆ. ಅಂಥವಕ್ಕೆ ಅದೇ ಮಾದರಿಯ ಬೋರ್ಡನ್ನೇ ಹುಡುಕಬೇಕು.

ಹಣದ ಲೆಕ್ಕ

ಇಷ್ಟೆಲ್ಲ ತಾಪತ್ರಯವೇಕೆ, ಹೊಸ ಪೀಳಿಗೆಯ ಬೋರ್ಡನ್ನೇ ತರಬಾರದೆ ಎಂದು ವಾಚಕರು ಕೇಳಬಹುದು. ತರಬಹುದು, ಆದರೆ ಹೊಸ ಬೋರ್ಡಿಗೆ ಹೊಸ ಪ್ರೊಸೆಸರ್ ಬೇಕು, ಹೊಸ ರ‍್ಯಾಮ್ ಬೇಕು. ಒಂದು ಖರ್ಚು ಮೂರಾಗುತ್ತದೆ. ಅದರಲ್ಲಿಯೂ ರ‍್ಯಾಮಿನ ಬೆಲೆ 2025ರ ಕೊನೆಯ ತಿಂಗಳುಗಳಲ್ಲಿ ತೀವ್ರವಾಗಿ ಏರಿತು.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರನ್ನು ತನ್ನ ಪಟ್ಟಿಯಲ್ಲಿ ಸೇರಿಸಿಲ್ಲ. ಹಳೆಯ ಯಂತ್ರವನ್ನು ಎಬ್ಬಿಸಿದವರು ಲಿನಕ್ಸಿನ ಕಡೆ ತಿರುಗುವುದು ಕ್ಷೇಮ. ಅದಕ್ಕೆ ಬೆಲೆ ಇಲ್ಲ, ಕನ್ನಡವನ್ನೂ ಅದು ಚೆನ್ನಾಗಿ ಬರೆಯುತ್ತದೆ. ಬರೆಯುವುದು, ಓದುವುದು, ಲೆಕ್ಕಪತ್ರ ಇಷ್ಟೇ ಕೆಲಸವಿದ್ದವರಿಗೆ ಹಳೆಯ ಬೋರ್ಡಿನ ದಾರಿ ಸಾಕು. ವಿಂಡೋಸ್ ಇಲ್ಲದೆ ಆಗದವರು, ಇನ್ನೂ ಐದಾರು ವರ್ಷದ ದುಡಿಮೆಯನ್ನು ನಿರೀಕ್ಷಿಸುವವರು, ಹಳೆಯದಕ್ಕೆ ಹಣ ಸುರಿಯದೆ ಕೂಡಿಡುವುದೇ ಮೇಲು.

ಉಪಾಧ್ಯಾಯರು ಮೊದಲ ದಾರಿಯನ್ನು ಹಿಡಿದರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಅವರೊಡನೆ ನಾವೂ ಅಲೆದೆವು. ಸೆಕೆಂಡ್ ಹ್ಯಾಂಡ್ ಬೋರ್ಡನ್ನು ಕೊಳ್ಳುವಾಗ ನೋಡಬೇಕಾದುವು ಮೂರು: ಕೆಪಾಸಿಟರುಗಳ ನೆತ್ತಿ ಚಪ್ಪಟೆಯಾಗಿರಬೇಕು, ಸಾಕೆಟ್ಟಿನ ಕೂದಲೆಳೆಯಂಥ ಪಿನ್ನುಗಳಲ್ಲಿ ಒಂದೂ ಬಾಗಿರಬಾರದು, ನಮ್ಮ ಪ್ರೊಸೆಸರನ್ನೇ ಕೂಡಿಸಿ ನಮ್ಮೆದುರಿಗೇ ಓಡಿಸಿ ತೋರಿಸಬೇಕು. ಮೂರನೆಯದಕ್ಕೆ ಒಪ್ಪದ ಅಂಗಡಿಯನ್ನು ಬಿಟ್ಟು ಮುಂದಿನದಕ್ಕೆ ಹೋದೆವು. ನಾಲ್ಕನೆಯ ಅಂಗಡಿಯಲ್ಲಿ ಬಿ75ರ ಮೈಕ್ರೋ ಎಟಿಎಕ್ಸ್ ಬೋರ್ಡೊಂದು ಈ ಮೂರರಲ್ಲಿಯೂ ತೇರ್ಗಡೆಯಾಯಿತು.

ಆ ರಾತ್ರಿ ಯಂತ್ರ ಎದ್ದಿತು. ಪ್ರಬಂಧದ ಒಂದಕ್ಷರವೂ ಅಳಿದಿರಲಿಲ್ಲ. ಮಗಳು ಮೊದಲು ಮಾಡಿದ ಕೆಲಸವೆಂದರೆ ಅದರ ಇನ್ನೊಂದು ಪ್ರತಿಯನ್ನು ಪೆನ್ ಡ್ರೈವಿಗೆ ಇಳಿಸಿಟ್ಟುಕೊಂಡುದು. ಬೋರ್ಡು ಕೆಡುವ ಮೊದಲೇ ವಾಚಕರೂ ಈ ಕೆಲಸವನ್ನು ಮುಗಿಸಿಕೊಂಡರೆ ಒಳ್ಳೆಯದು.