ಶಿಷ್ಯರ ಗುರುತು ಯಾವುದು? ತಳೋಜಾ ಜೈಲಿನಿಂದ ಬಂದ ಒಂದು ಪತ್ರ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಲೋಕಲ್‌ನಲ್ಲಿ ನಿಂತ್ಕೊಂಡೇ ಓದ್ತೀವಿ ಅನ್ನೋರಿಗಾಗಿ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋಗಿದ್ದ ಒಂದೆರಡು ಸಂಗತಿಗಳನ್ನೂ ಸೇರಿಸಿದ್ದೇನೆ.

ಡೊಂಬಿವಲಿ, ಕಲ್ಯಾಣ ಕಡೆಯಿಂದ ಕಂಪನಿ ಬಸ್ ಹಿಡಿಯುವವರಿಗೆ ಶಿಳ್‌ಫಾಟಾ ಚೆನ್ನಾಗಿ ಗೊತ್ತು. ದಿನಾ ಅಲ್ಲಿ ಟ್ರಾಫಿಕ್‌ನಲ್ಲಿ ಕೂತು ಕೂತು ಎಷ್ಟು ಸ್ಟ್ಯಾಂಡಪ್ ಕಾಲ್ ಮುಗಿಸಿದ್ದೀವೋ ಲೆಕ್ಕ ಇಲ್ಲ. ಅಲ್ಲಿಂದ ನಾವು ಮಹಾಪೆ, ಐರೋಳಿ ಕಡೆ ಹೋಗ್ತೀವಿ. ಅದೇ ಪನ್ವೇಲ್ ದಿಕ್ಕಿನ ರಸ್ತೆ ಹಿಡಿದರೆ ತಳೋಜಾ ಬರುತ್ತೆ. ಕೆಮಿಕಲ್ ಫ್ಯಾಕ್ಟರಿಗಳ ಎಂಐಡಿಸಿ ಅಂತ ನಮಗೆ ಗೊತ್ತಿರೋ ತಳೋಜಾದ ಇನ್ನೊಂದು ಗುರುತು, ಖಾರ್‌ಘರ್ ಬದಿಗಿರುವ ಸೆಂಟ್ರಲ್ ಜೈಲು. ಇವತ್ತಿನ ಮಾತಿಗೆ ಆಧಾರ ಆ ಜೈಲಿನ ಒಂದು ಕೋಣೆ. ಅಗಲ ಉದ್ದ ಸುಮಾರು 8 ಅಡಿ, 13 ಅಡಿ.

ಜೈಲಿಗೆ ಹೋಗೋ ಮೊದಲು ಪ್ರಶ್ನೆ ಯಾವುದು ಅಂತ ಹೇಳಿಬಿಡ್ತೀನಿ. ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂರುವ ಗೆಳೆಯ ಮಂಗಳೂರು ಕಡೆಯ ಕ್ಯಾಥೊಲಿಕ್. ಒಮ್ಮೆ ಊಟಕ್ಕೆ ಕೂತಾಗ ಮಾತು ಧರ್ಮದ ಗುರುತುಗಳ ಕಡೆ ಹೊರಳಿತು. ನಮ್ಮಲ್ಲಿ ಗುರುತಿಗೇನು ಕೊರತೆ? ವಿಭೂತಿ, ನಾಮ, ಜನಿವಾರ, ಕೊರಳಲ್ಲಿ ಕರಡಿಗೆ. "ನಿಮ್ಮದು ಶಿಲುಬೆ, ಅಲ್ವಾ?" ಅಂದೆ. ಅವನು ಸ್ವಲ್ಪ ಯೋಚನೆ ಮಾಡಿ, "ಪುಸ್ತಕದಲ್ಲಿ ಬರೆದಿರೋ ಗುರುತು ಅದಲ್ಲ ಮಾರಾಯ" ಅಂದ. ಆ ರಾತ್ರಿ ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಓದಿದೆ. ನಾನು ಗದಗ ಕಡೆಯ ಲಿಂಗಾಯತ ಮನೆಯವನು. ಬೈಬಲ್ ನನಗೆ ಹೊರಗಿನ ಪುಸ್ತಕ. ಆದರೆ ಈ ಅಧ್ಯಾಯ ಓದುತ್ತಾ ಹೋದ ಹಾಗೆ ಇದು ಹೊರಗಿನವರನ್ನೂ ಎದುರಿಗೆ ಕೂರಿಸಿಕೊಂಡು ಮಾತಾಡ್ತಿದೆ ಅನ್ನಿಸಿತು. ಯಾಕೆ ಅಂತ ಹೇಳ್ತೀನಿ.

ಸನ್ನಿವೇಶ ಇದು. ಯೇಸುವಿನ ಕೊನೆಯ ರಾತ್ರಿ. ಶಿಷ್ಯರ ಜೊತೆ ಊಟಕ್ಕೆ ಕೂತಿದ್ದಾರೆ. ನಡುವೆ ಎದ್ದು, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹಾಕಿಕೊಂಡು ಒಬ್ಬೊಬ್ಬರ ಕಾಲು ತೊಳೆಯೋಕೆ ಶುರು ಮಾಡ್ತಾರೆ. ನಮಗೆ ಪಾದಪೂಜೆ ಗೊತ್ತು. ಅಲ್ಲಿ ಶಿಷ್ಯ ಗುರುವಿನ ಪಾದ ತೊಳೀತಾನೆ. ಇಲ್ಲಿ ಗುರುವೇ ನೆಲದ ಮೇಲೆ ಕೂತಿದ್ದಾರೆ. ಆ ಕಾಲದ ಆ ಊರಿನಲ್ಲಿ ದೂಳು ಮೆತ್ತಿದ ಕಾಲು ತೊಳೆಯೋದು ಮನೆಯಾಳಿನ ಕೆಲಸ. ಅವತ್ತು ಕಾಲು ತೊಳೆಸಿಕೊಂಡವರಲ್ಲಿ ಯೂದನೂ ಇದ್ದ. ಅದೇ ರಾತ್ರಿ ಗುರುವನ್ನು ಹಿಡಿದುಕೊಡುವವನು! ಅವನು ಎದ್ದು ಹೋದ ಮೇಲೆ ಯೇಸು ಉಳಿದವರಿಗೆ ಹೊಸ ಆಜ್ಞೆ ಅಂತ ಒಂದು ಮಾತು ಹೇಳ್ತಾರೆ. ನಾನು ನಿಮ್ಮನ್ನು ಹೇಗೆ ಪ್ರೀತಿಸಿದೆನೋ ಹಾಗೇ ನೀವು ಒಬ್ಬರನ್ನೊಬ್ಬರು ಪ್ರೀತಿಸಿ. ನೀವು ನನ್ನ ಶಿಷ್ಯರು ಅಂತ ಎಲ್ಲರಿಗೂ ಗೊತ್ತಾಗೋದು ಇದರಿಂದಲೇ. ಮಾತಿನ ಸಾರ ಇಷ್ಟು.

ಇದರಲ್ಲಿ "ಎಲ್ಲರಿಗೂ" ಅನ್ನೋದನ್ನ ಗಮನಿಸಿ. ಗುರುತು ನೋಡಿ ಹೇಳಬೇಕಾದವರು ಹೊರಗಿನವರು. ಅಂದರೆ ನಿಮ್ಮಂಥ, ನನ್ನಂಥವರು. ಇವನು ಶಿಷ್ಯನೋ ಅಲ್ಲವೋ ಅಂತ ಪರೀಕ್ಷೆ ಮಾಡೋ ಹಕ್ಕನ್ನು ಆ ಧರ್ಮವೇ ನಮ್ಮ ಕೈಗೆ ಕೊಟ್ಟ ಹಾಗಾಯ್ತು. ಇದು ಸಣ್ಣ ಮಾತಲ್ಲ. 2ನೇ ಶತಮಾನದ ಕೊನೆಯಲ್ಲಿ ಉತ್ತರ ಆಫ್ರಿಕಾದ ಲೇಖಕ ತೆರ್ತುಲ್ಲಿಯನ್, ಇವರು ಒಬ್ಬರನ್ನೊಬ್ಬರು ಹೇಗೆ ಪ್ರೀತಿಸ್ತಾರೆ ನೋಡಿ ಅಂತ ಹೊರಗಿನವರೇ ಆಡಿಕೊಳ್ತಾರೆ ಎಂದು ಬರೆದಿದ್ದಾನೆ. ಫಾದರ್ ಡೇಮಿಯನ್ ಹವಾಯಿಯ ಮೊಲೊಕೈ ದ್ವೀಪದ ಕುಷ್ಠರೋಗಿಗಳ ನಡುವೆ ಬದುಕೋಕೆ ಹೋದದ್ದು 1873ರಲ್ಲಿ. ಅದೇ ರೋಗದಿಂದ 1889ರಲ್ಲಿ ತೀರಿಕೊಂಡರು. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡೋಕೆ ಶುರು ಮಾಡಿ, 1890ರಲ್ಲಿ ಕುಷ್ಠರೋಗಿಗಳಿಗೊಂದು ಮನೆ ಕಟ್ಟಿದರು. ಆದರೆ ಪರೀಕ್ಷೆ ಅಂದ ಮೇಲೆ ಫೇಲ್ ಆದದ್ದನ್ನೂ ಹೇಳಬೇಕು. ತಮಿಳುನಾಡಿನ ತಿರುಚ್ಚಿಯಲ್ಲಿ, ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತ ಕ್ರೈಸ್ತರ ಸಮಾಧಿಗಳನ್ನು ಬೇರೆ ಮಾಡೋಕೆ ಗೋಡೆ ಹಾಕಿದ್ದರು. ಸತ್ತ ಮೇಲೂ ಬೇಲಿ. ಜಾತಿ ವಿಷಯದಲ್ಲಿ ಯಾವ ಧರ್ಮದವರೂ ಎದೆ ತಟ್ಟಿಕೊಳ್ಳೋ ಹಾಗಿಲ್ಲ ಬಿಡಿ.

ಆ ತಿರುಚ್ಚಿ ಜಿಲ್ಲೆಯಲ್ಲೇ 1937ರಲ್ಲಿ ಹುಟ್ಟಿದವರು ಸ್ಟಾನ್ ಸ್ವಾಮಿ. 1957ರಲ್ಲಿ ಜೆಸ್ವಿಟ್ ಸಂಘ ಸೇರಿದರು. ಈಗಿನ ಜಾರ್ಖಂಡಿನ ಆದಿವಾಸಿ ಪ್ರದೇಶದಲ್ಲಿ ಮೇಷ್ಟ್ರಾಗಿದ್ದರು. 1975ರಿಂದ 1986ರವರೆಗೆ ನಮ್ಮ ಬೆಂಗಳೂರಿನ ಬೆನ್ಸನ್ ಟೌನ್‌ನಲ್ಲಿರುವ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರು. ಬೆಂಗಳೂರಿನ ಹವೆ, ನಿರ್ದೇಶಕರ ಕುರ್ಚಿ. ಯಾರಾದರೂ ಅಲ್ಲೇ ರಿಟೈರ್ ಆಗೋಣ ಅಂದುಕೊಳ್ತಾರೆ. ಅವರು ಜಾರ್ಖಂಡ್ ಕಡೆಗೇ ವಾಪಸ್ ಹೋದರು. ನೆಲ, ಕಾಡು ಕಳೆದುಕೊಳ್ಳುತ್ತಿದ್ದ ಆದಿವಾಸಿಗಳ ಜೊತೆ ನಿಂತರು. ನಕ್ಸಲರು ಅನ್ನೋ ಆರೋಪದ ಮೇಲೆ ವಿಚಾರಣೆಯೇ ಮುಗಿಯದೆ ಜೈಲಿನಲ್ಲಿದ್ದ ಆದಿವಾಸಿ ಹುಡುಗರ ಬಗ್ಗೆ ಅಧ್ಯಯನ ಮಾಡಿ, ಜಾರ್ಖಂಡ್ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿದರು.

2020ರ ಅಕ್ಟೋಬರ್ 8ರಂದು ಎನ್‌ಐಎ ಅವರನ್ನು ರಾಂಚಿಯಲ್ಲಿ ಬಂಧಿಸಿತು. ಭೀಮಾ ಕೋರೆಗಾಂವ್ ಪ್ರಕರಣ, ಯುಎಪಿಎ ಕಾಯ್ದೆ. ಆಗ ವಯಸ್ಸು 83. ಪಾರ್ಕಿನ್ಸನ್ಸ್ ಕಾಯಿಲೆ. ಆರೋಪಗಳನ್ನು ಅವರು ಒಪ್ಪಲಿಲ್ಲ, ವಿಚಾರಣೆ ನಡೆಯೋ ಮೊದಲೇ ತೀರಿಕೊಂಡರು. ಕೇಸಿನ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಒಂದು ಹತ್ತು ನಿಮಿಷ ಬದಿಗಿಡಿ. ನಾನು ನೋಡ್ತಿರೋದು ಆ ಕೋಣೆಯೊಳಗೆ ದಿನಾ ಏನು ನಡೀತಿತ್ತು ಅನ್ನೋದನ್ನ ಮಾತ್ರ.

ಪಾರ್ಕಿನ್ಸನ್ಸ್ ಇರುವವರ ಮನೆಯಲ್ಲಿದ್ದವರಿಗೆ ಲೋಟ ಅಂದರೆ ಏನು ಅಂತ ಗೊತ್ತು. ಎತ್ತಿದ ಲೋಟ ಬಾಯಿಗೆ ಬರೋದರೊಳಗೆ ಅರ್ಧ ನೀರು ಎದೆ ಮೇಲೆ. ಸ್ಟಾನ್ ಸ್ವಾಮಿ ಸಿಪ್ಪರ್ ಮತ್ತು ಸ್ಟ್ರಾಗಾಗಿ 2020ರ ನವೆಂಬರ್‌ನಲ್ಲಿ ಮುಂಬೈಯ ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯ್ತು. ಅವರ ಸಿಪ್ಪರ್ ನಮ್ಮ ಹತ್ತಿರ ಇಲ್ಲ ಅಂತ ತನಿಖಾ ಸಂಸ್ಥೆ ಹೇಳಿತು. ಅದನ್ನು ಓದಿದ ಜನ ಸಿಟ್ಟಿಗೆದ್ದು ಆನ್‌ಲೈನ್‌ನಲ್ಲಿ ಸಿಪ್ಪರ್ ಆರ್ಡರ್ ಮಾಡಿ ಕಳಿಸೋಕೆ ಶುರು ಮಾಡಿದರು. ಕೊನೆಗೆ ಜೈಲಿನಲ್ಲೇ ಒಂದು ಸಿಕ್ಕಿತು; ಅಷ್ಟರಲ್ಲಿ ಬಂಧನವಾಗಿ ಒಂದು ತಿಂಗಳ ಮೇಲಾಗಿತ್ತು.

ಆ ದಿನಗಳಲ್ಲೇ ಅವರು ಗೆಳೆಯರಿಗೆ ಒಂದು ಪತ್ರ ಬರೆದರು. ಪತ್ರಿಕೆಗಳಲ್ಲೂ ಬಂತು. ನಾನು ಹೇಳಿದ 8 ಅಡಿ, 13 ಅಡಿ ಅದರಲ್ಲೇ ಇರೋ ಲೆಕ್ಕ. ಕೋಣೆಯಲ್ಲಿ ತನ್ನ ಜೊತೆ ಇನ್ನಿಬ್ಬರು. ಸಂಜೆ ಐದೂವರೆಯಿಂದ ಬೆಳಿಗ್ಗೆ ಆರರವರೆಗೆ ಬೀಗ, ಮಧ್ಯಾಹ್ನ 12ರಿಂದ 3ರವರೆಗೆ ಮತ್ತೆ ಬೀಗ. ಬೀಗ ತೆಗೆದಿರುವ ಹೊತ್ತಿನಲ್ಲಿ ಅದೇ ಪ್ರಕರಣದ ಅರುಣ್ ಫೆರೇರಾ ಬಂದು ತಿಂಡಿ, ಊಟ ಮಾಡೋಕೆ ನೆರವಾಗ್ತಾರೆ. ವರ್ನನ್ ಗೊನ್ಸಾಲ್ವಿಸ್ ಸ್ನಾನ ಮಾಡಿಸ್ತಾರೆ. ರಾತ್ರಿ ಊಟಕ್ಕೆ, ಬಟ್ಟೆ ಒಗೆಯೋಕೆ, ಮೊಣಕಾಲು ನೀವೋಕೆ ಕೋಣೆಯ ಆ ಇಬ್ಬರು. ಅವರ ಹೆಸರು ಪತ್ರದಲ್ಲಿಲ್ಲ. ತುಂಬಾ ಬಡ ಕುಟುಂಬದವರು ಅಂತಷ್ಟೇ ಇದೆ. ತನಗಾಗಿ ಪ್ರಾರ್ಥನೆ ಮಾಡಿ ಅಂತ ಕೇಳೋದಕ್ಕಿಂತ, ಈ ಜೊತೆಗಾರರನ್ನು ಪ್ರಾರ್ಥನೆಯಲ್ಲಿ ನೆನೆಯಿರಿ ಅಂತ ಮುದುಕ ಬರೀತಾರೆ. ಜೈಲಿನೊಳಗೂ ಮನುಷ್ಯತ್ವ ಉಕ್ಕುತ್ತಿದೆ ಅನ್ನೋ ಅರ್ಥದ ಮಾತು ಪತ್ರದ ಕೊನೆಗೆ.

ಪತ್ರ ಮೊದಲ ಸಲ ಓದಿದಾಗ ನಾನು ಸ್ಟಾನ್ ಸ್ವಾಮಿಯನ್ನು ತ್ಯಾಗಿ ಅಂತ ನೋಡಿದೆ. ಬೆಂಗಳೂರು ಬಿಟ್ಟವರು, ಆದಿವಾಸಿಗಳಿಗಾಗಿ ಜೈಲಿಗೆ ಹೋದವರು, ಹೀಗೆ. 13ನೇ ಅಧ್ಯಾಯ ಓದಿ ಮತ್ತೆ ಪತ್ರಕ್ಕೆ ಬಂದಾಗ ಬೇರೆಯದೇ ಕಂಡಿತು. ಆ ಅಧ್ಯಾಯದಲ್ಲಿ ಪೇತ್ರ ಅಂತ ಒಬ್ಬ ಶಿಷ್ಯ ಇದ್ದಾನಲ್ಲ, ಅವನು ಕಾಲು ಮುಂದೆ ಚಾಚೋದೇ ಇಲ್ಲ. ನೀವು ನನ್ನ ಕಾಲು ತೊಳೆಯೋದಾ, ಆಗೋದೇ ಇಲ್ಲ ಅಂತ ಹಟ ಮಾಡ್ತಾನೆ. ಯೇಸು ಅದಕ್ಕೆ ಕೊಡುವ ಉತ್ತರ ಕಟುವಾಗಿದೆ: ನಾನು ತೊಳೆಯದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ. ಪೇತ್ರನಿಗೆ ತನ್ನ ಹಟ ವಿನಯ ಅನ್ನಿಸಿರಬೇಕು. ನನಗೇನೋ ಅದು ಬಿಗುಮಾನ ಅನ್ನಿಸುತ್ತೆ. ಕೊಡುವವನಾಗಿ ಇರೋದು ಅಷ್ಟೇನೂ ಕಷ್ಟ ಅಲ್ಲ. ಎನ್‌ಜಿಒಗೆ ದುಡ್ಡು ಹಾಕ್ತೀವಿ, ಊರಿನ ಗುಡಿಗೆ ಕಳಿಸ್ತೀವಿ, ಕೊಟ್ಟವನ ತಲೆ ಎತ್ತರದಲ್ಲೇ ಇರುತ್ತೆ. ಅರವತ್ತು ವರ್ಷ ಬೇರೆಯವರಿಗಾಗಿ ಓಡಾಡಿದ ಪಾದ್ರಿಯೊಬ್ಬರು, ಹೆಸರು ಕೂಡ ಸುದ್ದಿಯಾಗದ ಕೈದಿಯ ಮುಂದೆ ಬಾಯಿ ತೆರೆದು ತುತ್ತು ತಗೊಳ್ಳೋದಿದೆಯಲ್ಲ, ಅದು ಬೇರೆ.

ಹಾಗಾದರೆ ಆ ಕೋಣೆಯಲ್ಲಿ ಶಿಷ್ಯನ ಗುರುತು ಯಾರ ಮೇಲಿತ್ತು? ಉಣಿಸಿಕೊಂಡವರ ಮೇಲೋ, ಉಣಿಸಿದವರ ಮೇಲೋ? ಮಂಗಳೂರಿನ ಗೆಳೆಯನಿಗೆ ಇದೇ ಪ್ರಶ್ನೆ ಹಾಕಿದೆ. "ಇಬ್ಬರ ಮೇಲೂ. ಆದ್ರೆ ಉಣಿಸಿದವನಿಗೆ ಅದು ಗೊತ್ತಿರಬೇಕು ಅಂತೇನಿಲ್ಲ" ಅಂದ. ಎಂಜಿನಿಯರ್ ಬಾಯಲ್ಲಿ ಇಂಥ ಉತ್ತರ ಬರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಚರ್ಚಿನ ಒಳಗೂ ಹಾಗೆ ಯೋಚಿಸುವವರಿದ್ದಾರೆ ಅಂತ ಕಾಣುತ್ತೆ. ಈಸ್ಟರ್ ಹಿಂದಿನ ಗುರುವಾರ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯೋ ಪದ್ಧತಿ ಇದೆ. ಪೋಪ್ ಫ್ರಾನ್ಸಿಸ್ 2013ರಲ್ಲಿ, ಪೋಪ್ ಆದ ಮೊದಲ ವರ್ಷವೇ, ಅದಕ್ಕೆ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋದರು. ಕಾಲು ತೊಳೆಸಿಕೊಂಡವರಲ್ಲಿ ಮುಸ್ಲಿಂ ಹುಡುಗಿಯೂ ಇದ್ದಳು.

ಮುಂದಿನದು ನಿಮಗೆ ಗೊತ್ತಿರಬಹುದು. 2021ರ ಮಾರ್ಚ್‌ನಲ್ಲಿ ಜಾಮೀನು ತಿರಸ್ಕಾರ ಆಯ್ತು. ಮೇ 21ರಂದು ವಿಡಿಯೋ ಮೂಲಕ ಬಾಂಬೆ ಹೈಕೋರ್ಟ್ ಮುಂದೆ ಬಂದಾಗ, ಇಲ್ಲಿಗೆ ಬಂದಾಗ ನಾನೇ ಉಣ್ತಿದ್ದೆ, ನಡೀತಿದ್ದೆ, ಸ್ನಾನ ಮಾಡ್ತಿದ್ದೆ, ಈಗ ಯಾವುದೂ ಆಗ್ತಿಲ್ಲ ಅಂತ ಹೇಳಿಕೊಂಡರು. ಸರ್ಕಾರಿ ಆಸ್ಪತ್ರೆ ಬೇಡ, ನನ್ನವರ ಜೊತೆ ರಾಂಚಿಯಲ್ಲಿರಬೇಕು ಅಂದರು. ವಾರದ ನಂತರ ಕೋರ್ಟಿನ ಆದೇಶದಂತೆ ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಕೋವಿಡ್ ಇರೋದೂ ಗೊತ್ತಾಯ್ತು. ಜುಲೈ 5ರಂದು, ಜಾಮೀನು ಅರ್ಜಿ ಹೈಕೋರ್ಟ್ ಮುಂದಿದ್ದ ದಿನವೇ, ಸಾವಿನ ಸುದ್ದಿಯನ್ನು ಕೋರ್ಟಿಗೆ ತಿಳಿಸಬೇಕಾಯ್ತು.

ಇದೆಲ್ಲ ನಾನು ಯಾಕೆ ಹೇಳ್ತಿದ್ದೀನಿ ಅಂದರೆ, ನಮ್ಮ ಮನೆಯಲ್ಲೂ ಒಂದು ಪೇತ್ರ ಇದೆ. ನಮ್ಮಪ್ಪ. ಅಮ್ಮ ಹೋದ ಮೇಲೆ ಗದಗದಿಂದ ಡೊಂಬಿವಲಿಗೆ ಕರಕೊಂಡು ಬಂದೆ. ಎರಡು ವರ್ಷದಿಂದ ಕೈ ನಡುಗ್ತಿದೆ. ಊರ ಜಾತ್ರೆಯ ದಾಸೋಹದಲ್ಲಿ ನಲವತ್ತು ವರ್ಷ ಬಡಿಸಿದ ಕೈ ಅದು. ಕಟ್ಟಕಡೆಯ ಪಂಕ್ತಿ ಏಳೋವರೆಗೆ ಅವರು ಕೂತವರಲ್ಲ. ಬಡಿಸೋದಕ್ಕೆ ಬರುತ್ತೆ, ಬಡಿಸಿಕೊಳ್ಳೋದಕ್ಕೆ ಬರಲ್ಲ. ಸಾರು ಚೆಲ್ಲೋದನ್ನ ಯಾರೂ ನೋಡಬಾರದು ಅಂತ ನಾನು ಆಫೀಸಿಂದ ಬರೋದರೊಳಗೆ ಒಬ್ಬರೇ ಉಂಡು ಮುಗಿಸಿಬಿಡ್ತಾರೆ. ಒಂದು ದಿನ ಬೇಗ ಬಂದವನು ಅನ್ನ ಕಲಸಿ ತುತ್ತು ಮಾಡಿ ಮುಂದೆ ಹಿಡಿದೆ. "ನಾ ಏನ್ ಕೂಸೇನೋ?" ಅಂತ ತಾಟು ಸರಿಸಿ ಎದ್ದು ಹೋದರು. ಮಾನಪಾಡಾ ರೋಡಿನ ಮೆಡಿಕಲ್‌ನಿಂದ ತಂದ ಸಿಪ್ಪರ್ ಆರು ತಿಂಗಳಿಂದ ಪ್ಯಾಕೆಟ್ಟಿನಲ್ಲೇ ಫ್ರಿಜ್ ಮೇಲಿದೆ. ನನಗೆ ಸಿಟ್ಟು ಬರ್ತಿತ್ತು. ನಾನು ಮಾಡೋಕೆ ರೆಡಿ ಇದ್ದೀನಿ, ಇವರಿಗೇನು ಕಷ್ಟ ಅಂತ. ಆ ಸಿಟ್ಟಿನಲ್ಲಿ ಅವರ ಬಗ್ಗೆ ಎಷ್ಟಿತ್ತು, ನಾನು ಒಳ್ಳೇ ಮಗ ಅನ್ನಿಸಿಕೊಳ್ಳೋ ಆಸೆ ಎಷ್ಟಿತ್ತು ಅಂತ ಈಗ ಕೇಳಿಕೊಳ್ತಿದ್ದೀನಿ.

ವಿಡಿಯೋ ರೆಕಾರ್ಡ್ ಮಾಡೋವಾಗ ಅಪ್ಪ ಒಳಗಿನ ರೂಮಿನಲ್ಲಿದ್ದರು. ಒನ್ ಬಿಎಚ್‌ಕೆ ಫ್ಲ್ಯಾಟು, ಎಲ್ಲಾ ಕೇಳುತ್ತೆ. ನಾನು ಮೈಕ್ ಆಫ್ ಮಾಡಿದ ಮೇಲೆ ಹೊರಗೆ ಬಂದು ಕೂತರು. ಒಂದೆರಡು ನಿಮಿಷ ಮಾತಿಲ್ಲ.

"ಆ ಪಾದ್ರಿಗೆ ಅದು ಸಿಕ್ಕಿತೇನ?"

"ಯಾವದಪ್ಪಾ?"

"ಅದs, ನೀರ ಕುಡ್ಯೂದು."

"ಹೂಂ ಅಪ್ಪಾ, ಸಿಕ್ತು. ಭಾಳ ತಡಾ ಆಗಿ ಸಿಕ್ತು."

ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ನೋಡದೆನೇ, "ಫ್ರಿಜ್ ಮ್ಯಾಲಿಂದು ಇಳಸು. ತೊಳದ ಕೊಡು, ಧೂಳಾಗಿರ್ತೈತಿ" ಅಂದರು.